ಕ್ಯಾಲ್ವಿನ್ ಪೀಟ್ ಪವಾಡವಲ್ಲ

ಗಾಲ್ಫ್ ಕಲಿಯಲು ಹೋದವರ ಕಿವಿಗೆ ಮೊದಲು ಬೀಳುವ ಮಾತು: ‘ಎಡಗೈ ನೇರ ಇರಲಿ.’ ಅಮೆರಿಕದ ರಾಚೆಸ್ಟರ್‌ನಲ್ಲಿ ನೆಲೆಸಿ, ನಲವತ್ತು ದಾಟಿದ ಮೇಲೆ ಕೋಲು ಹಿಡಿದ ನನಗೂ ಅದನ್ನೇ ಹೇಳಿದರು. ನಾನು ಆಡುತ್ತಿದ್ದುದು ಜೆನೆಸೀ ವ್ಯಾಲಿ ಪಾರ್ಕಿನಲ್ಲಿ. ಅದು ಊರಿನ ಪಾರ್ಕು. ಸದಸ್ಯತ್ವ ಬೇಕಿಲ್ಲ, ಶಿಫಾರಸು ಬೇಕಿಲ್ಲ, ಅಂದಿನ ಶುಲ್ಕ ಕಟ್ಟಿದರೆ ಆಡಬಹುದು. ನನ್ನ ಕೈಯ ಪರದಾಟ ನೋಡಲಾರದೆ ಜತೆಗಿದ್ದ ಹಿರಿಯರೊಬ್ಬರು ಹೇಳಿದರು: ಎಡಗೈಯನ್ನು ನೇರ ಮಾಡಲು ಆಗದೇ ಇದ್ದವರೊಬ್ಬರು ಇದೇ ಹುಲ್ಲಿನ ಮೇಲೆ ಆಟ ಶುರು ಮಾಡಿ, ಇಡೀ ದೇಶದಲ್ಲಿ ಎಲ್ಲರಿಗಿಂತ ನೇರವಾಗಿ ಹೊಡೆದರು. ಹೆಸರು ಕ್ಯಾಲ್ವಿನ್ ಪೀಟ್.

ಅಂದಿನಿಂದ ಪೀಟ್ ನನ್ನನ್ನು ಬಿಟ್ಟಿಲ್ಲ. ಅವರ ಬಗ್ಗೆ ಬರೆಯುವವರು ಕೊನೆಗೆ ‘ಪವಾಡ’ ಎಂಬ ಪದಕ್ಕೆ ಬಂದು ನಿಲ್ಲುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

1943ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಪೀಟ್ ಬೆಳೆದದ್ದು ಫ್ಲಾರಿಡಾದ ಪಹೋಕಿಯಲ್ಲಿ, ಓಕಿಚೋಬೀ ಸರೋವರದ ದಂಡೆಯ ಕಪ್ಪು ಮಣ್ಣಿನ ಊರಲ್ಲಿ. ತಂದೆಯ ಎರಡು ಮದುವೆಗಳಿಂದ ಒಟ್ಟು 19 ಮಕ್ಕಳು. ಹುಡುಗ ಶಾಲೆ ಬಿಟ್ಟು ಹೊಲಕ್ಕಿಳಿದ. ಮರದಿಂದ ಬಿದ್ದು ಮುರಿದ ಎಡ ಮೊಣಕೈ ಸರಿಯಾಗಿ ಕೂಡಲೇ ಇಲ್ಲ. ದೊಡ್ಡವರಾದ ಮೇಲೆ ಕೂಲಿ ಬಿಟ್ಟು, ಕಾರಿನ ಹಿಂಬದಿಯಲ್ಲಿ ಬಟ್ಟೆಬರೆ ತುಂಬಿಕೊಂಡು, ಕೊಯ್ಲಿನ ಹಿಂದೆ ಊರೂರು ಅಲೆಯುವ ಕೂಲಿಕಾರರಿಗೆ ಮಾರುವ ವ್ಯಾಪಾರ ಹಿಡಿದರು. ಮುಂದಿನ ಹಲ್ಲಿಗೆ ವಜ್ರದ ಚೂರು ಕೂರಿಸಿಕೊಂಡಿದ್ದರಂತೆ. ಆ ಕೊಯ್ಲಿನ ದಾರಿಯೇ ಅವರನ್ನು ರಾಚೆಸ್ಟರ್‌ಗೆ ತಂದದ್ದು. 1966ರಲ್ಲಿ ಗೆಳೆಯರು ಊಟಕ್ಕೆಂದು ಕರೆದು ಗಾಲ್ಫ್ ಮೈದಾನಕ್ಕೆ ಕರೆದೊಯ್ದರು. ಆಗ ಅವರಿಗೆ 23 ವರ್ಷ. ಅದಕ್ಕೆ ಮೊದಲು ಗಾಲ್ಫ್ ಕೋಲನ್ನು ಮುಟ್ಟಿರಲಿಲ್ಲ.

ನಾನು ಎಂಜಿನಿಯರ್ ಆಗಿ ಬದುಕು ಸವೆಸಿದವನು, ಹಾಗಾಗಿ ಈ ಕೈಯ ವಿಷಯವನ್ನು ನನ್ನ ರೀತಿಯಲ್ಲಿ ಹೇಳುತ್ತೇನೆ. ಕೈ ನೇರ ಇರಲಿ ಎನ್ನುವುದೇಕೆ? ಭುಜದಿಂದ ಚೆಂಡಿಗಿರುವ ದೂರ ಹೊಡೆತದ ನಡುವೆ ಹಿಗ್ಗಬಾರದು, ಕುಗ್ಗಬಾರದು ಎಂದು. ಪೀಟ್ ಅವರ ಮೊಣಕೈ ಪೂರ್ತಿ ಬಿಚ್ಚುತ್ತಿರಲಿಲ್ಲ, ನಿಜ. ಆದರೆ ಪ್ರತಿ ಹೊಡೆತದಲ್ಲೂ ಹೆಚ್ಚುಕಡಿಮೆ ಅದೇ ಕೋನದಲ್ಲಿ ನಿಲ್ಲುತ್ತಿತ್ತು. ಯಂತ್ರಕ್ಕೆ ಬೇಕಾದದ್ದು ನೇರವಲ್ಲ, ಬದಲಾಗದ ಅಳತೆ. ಆ ಅಳತೆಯ ಮೇಲೆ ಅವರು ಸಾವಿರಾರು ಚೆಂಡುಗಳ ಅಭ್ಯಾಸ ಕಟ್ಟಿದರು. ಹುಟ್ಟಿದ ದಿನದಿಂದ ನೇರ ಕೈ ಇದ್ದ ನನ್ನ ಚೆಂಡು ಇಂದಿಗೂ ಮರಗಳ ಕಡೆಗೇ ಓಡುತ್ತದೆ.

ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ಗೆ ಅರ್ಹತೆ ಸಿಕ್ಕಿದ್ದು 1975ರಲ್ಲಿ, ಮೂರನೇ ಯತ್ನದಲ್ಲಿ. ಮೊದಲ ಗೆಲುವು 1979ರಲ್ಲಿ ಮಿಲ್ವಾಕಿಯಲ್ಲಿ. ಆಮೇಲೆ, 1981ರಿಂದ 1990ರವರೆಗೆ, ಮೊದಲ ಹೊಡೆತವನ್ನು ಫೇರ್‌ವೇಯಲ್ಲಿ, ಅಂದರೆ ಹುಲ್ಲು ಸಮನಾಗಿ ಕತ್ತರಿಸಿದ ಹಾದಿಯಲ್ಲಿ, ನಿಲ್ಲಿಸುವುದರಲ್ಲಿ ಸತತ ಹತ್ತು ವರ್ಷ ಅವರೇ ಟೂರ್‌ನ ಮೊದಲಿಗರು. 1984ರಲ್ಲಿ ಸುತ್ತಿಗೆ 70.56 ಹೊಡೆತಗಳ ಸರಾಸರಿಯೊಂದಿಗೆ ವಾರ್ಡನ್ ಟ್ರೋಫಿ. 1985ರಲ್ಲಿ ಪ್ಲೇಯರ್ಸ್ ಚಾಂಪಿಯನ್‌ಷಿಪ್, ಅದೂ ಕೊನೆಯ ದಿನ 66 ಆಡಿ, ಮೂರು ಹೊಡೆತಗಳ ಅಂತರದಲ್ಲಿ. ಒಟ್ಟು 12 ಗೆಲುವು; ಟೈಗರ್ ವುಡ್ಸ್ ಬರುವವರೆಗೆ ಯಾವ ಕಪ್ಪು ಗಾಲ್ಫರ್ ಕೂಡ ಅಷ್ಟು ಗೆದ್ದಿರಲಿಲ್ಲ. ‘ಮೇಜರ್’ ಎನಿಸುವ ಅತಿ ದೊಡ್ಡ ಟೂರ್ನಿಗಳಲ್ಲಿ ಒಂದೂ ಕೈಗೆ ಬರಲಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಅಮೆರಿಕ ಮತ್ತು ಯುರೋಪ್ ತಂಡಗಳು ಸೆಣಸುವ ರೈಡರ್ ಕಪ್‌ನ ಪ್ರಸಂಗ. 1982ರಲ್ಲಿ ಅವರು ನಾಲ್ಕು ಟೂರ್ನಿ ಗೆದ್ದರು. ಅಮೆರಿಕ ತಂಡಕ್ಕೆ ಅಷ್ಟು ಸಾಲದೇ? ಸಾಲದು. ಆಗಿನ ನಿಯಮದ ಪ್ರಕಾರ ಹೈಸ್ಕೂಲ್ ಪ್ರಮಾಣಪತ್ರ ಇಲ್ಲದವರಿಗೆ ಆ ತಂಡದಲ್ಲಿ ಜಾಗವಿರಲಿಲ್ಲ. ಹೊಟ್ಟೆಪಾಡಿಗೆ ಶಾಲೆ ಬಿಟ್ಟವರು, ನಲವತ್ತರ ಹೊಸ್ತಿಲಲ್ಲಿ, ದೇಶದ ಅತ್ಯುತ್ತಮ ಆಟಗಾರರ ಸಾಲಿನಲ್ಲಿ ನಿಂತ ಮೇಲೆ ಮತ್ತೆ ಪಠ್ಯಪುಸ್ತಕ ಬಿಡಿಸಿ ಕೂತರು. ಶಿಕ್ಷಕಿಯಾಗಿದ್ದ ಪತ್ನಿ ಓದಿಗೆ ನೆರವಾದರು. ಪರೀಕ್ಷೆ ಪಾಸಾದರು. 1983ರ ರೈಡರ್ ಕಪ್ ನಡೆದದ್ದು ಫ್ಲಾರಿಡಾದ ಪಾಮ್ ಬೀಚ್ ಗಾರ್ಡನ್ಸ್‌ನಲ್ಲಿ. ಪಹೋಕಿಯೂ ಅದೇ ಪಾಮ್ ಬೀಚ್ ಕೌಂಟಿಗೆ ಸೇರಿದ ಊರು. ಬಾಲ್ಯದಲ್ಲಿ ಹೊಲಗೆಲಸ ಮಾಡಿದ ಕೌಂಟಿಯಲ್ಲೇ ಅವರು ದೇಶದ ಬಟ್ಟೆ ತೊಟ್ಟು ಆಡಿದರು. ಅಮೆರಿಕ ಗೆದ್ದದ್ದು ಒಂದೇ ಒಂದು ಅಂಕದಿಂದ.

ಇದನ್ನೆಲ್ಲ ಪವಾಡ ಎಂದುಬಿಟ್ಟರೆ ಎರಡು ಅನ್ಯಾಯ ಒಟ್ಟಿಗೆ ನಡೆಯುತ್ತವೆ. ಪೀಟ್ ಅವರ ಬೆವರು ದೇವರ ಲೆಕ್ಕಕ್ಕೆ ಹೋಗುತ್ತದೆ. ಅವರ ದಾರಿಗೆ ಅಡ್ಡ ಬಿದ್ದಿದ್ದ ಗೇಟುಗಳನ್ನು ಹಾಕಿದವರ ಲೆಕ್ಕ ಚುಕ್ತಾ ಆಗುತ್ತದೆ. 1961ರವರೆಗೆ ವೃತ್ತಿಪರ ಗಾಲ್ಫರ್‌ಗಳ ಸಂಘದ ನಿಯಮಾವಳಿಯಲ್ಲೇ ‘ಬಿಳಿಯರಿಗೆ ಮಾತ್ರ’ ಎಂಬ ಷರತ್ತಿತ್ತು. ಅದು ತೊಲಗಿ ಐದೇ ವರ್ಷಕ್ಕೆ ಪೀಟ್ ಜೆನೆಸೀ ವ್ಯಾಲಿಯಲ್ಲಿ ಮೊದಲ ಚೆಂಡು ಹೊಡೆದರು. ಗೆಳೆಯರು ಅವರನ್ನು ಒಳಗೆ ಕರೆದೊಯ್ಯಬಲ್ಲ ಮೈದಾನ ಆ ಊರಲ್ಲಿ ಇದ್ದುದರಿಂದ ಹೊಡೆದರು. ಸದಸ್ಯರ ಕ್ಲಬ್ಬೊಂದೇ ಇದ್ದ ಊರಾಗಿದ್ದರೆ ವ್ಯಾಪಾರ ಮುಗಿಸಿ ಮುಂದಿನ ಊರಿಗೆ ಹೊರಡುತ್ತಿದ್ದರು.

ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ಈ ಗೇಟುಗಳ ಮಾತು ಮತ್ತೆ ನೆನಪಾಗಿತ್ತು. ಅವರು ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಮೊದಲು ಕಾಲಿಟ್ಟದ್ದು ಕ್ಯಾಡಿಯಾಗಿ, ಬೇರೆಯವರ ಚೀಲ ಹೊತ್ತು. ಗೆದ್ದ ಮೇಲೆ ಹೊಗಳುವುದು ಸುಲಭ. ಚೀಲ ಹೊರುವ ಮುಂದಿನ ಹುಡುಗನಿಗೆ, ಹುಡುಗಿಗೆ ವಾರಕ್ಕೆ ಎರಡು ಸಂಜೆ ಮೈದಾನ ಬಿಟ್ಟುಕೊಡಿ ಎಂದು ನಾನು ಕ್ಲಬ್ಬುಗಳನ್ನು ಕೇಳುತ್ತೇನೆ.

ಪೀಟ್ 2015ರಲ್ಲಿ ಅಟ್ಲಾಂಟಾದಲ್ಲಿ ತೀರಿಕೊಂಡರು. 71 ವರ್ಷವಾಗಿತ್ತು. ಸುದ್ದಿ ಓದಿದ ಸಂಜೆ ಪಾರ್ಕಿಗೆ ಹೋದೆ. ಮೊದಲ ಟೀಯಲ್ಲಿ ನಾಲ್ವರು ಹುಡುಗರು ಬೇರೆಬೇರೆ ಕಂಪನಿಯ ಹಳೇ ಕೋಲುಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು ಸರದಿಗೆ ಕಾಯುತ್ತಿದ್ದರು. ಒಬ್ಬನ ಕಾಲಲ್ಲಿ ಬ್ಯಾಸ್ಕೆಟ್‌ಬಾಲ್ ಬೂಟು. ನನಗಿಂತ ಮುಂದೆ ಹೋಗಲು ಅವರಿಗೆ ಕೈ ತೋರಿಸಿದೆ.