ಗೋಡೆಯ ಬೂಷ್ಟು, ಮಕ್ಕಳ ಉಬ್ಬಸ

ಪುಷ್ಯ, ಆಶ್ಲೇಷ ಮಳೆಗಳು ಹಿಡಿದವೆಂದರೆ ಮಲೆನಾಡಿನ ಕೃಷಿಕನ ಕಣ್ಣು ಅಡಿಕೆಗೊನೆಯ ಮೇಲೆಯೇ ಇರುತ್ತದೆ. ಕಾಯಿ ಉದುರತೊಡಗಿದೊಡನೆ ಕೊಳೆರೋಗವೆಂದು ಗುರುತಿಸಿ, ಮಳೆ ಹೊಳವಾದ ಹೊತ್ತು ನೋಡಿ ಬೋರ್ಡೋ ದ್ರಾವಣ ಹೊಡೆಸುತ್ತಾನೆ. ಅದೇ ಮನೆಯ ಮಲಗುವ ಕೋಣೆಯಲ್ಲಿ ಕಪಾಟಿನ ಹಿಂದೆ ಹಬ್ಬಿದ ಕಪ್ಪು ಬೂಷ್ಟು ಮಾತ್ರ ಯಾರ ಕಣ್ಣಿಗೂ ಬೀಳದು. ಬಿದ್ದರೂ ಮಲೆನಾಡೆಂದ ಮೇಲೆ ಇದು ಇದ್ದದ್ದೇ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ಗೋಡೆಗೆ ತಾಗಿ ಮಲಗುವ ಮಗುವಿನ ಕೆಮ್ಮು 'ಶೀತ ಪ್ರಕೃತಿ' ಎನಿಸಿಕೊಳ್ಳುತ್ತದೆ.

ಎಲ್ಲ ಕೆಮ್ಮಿಗೂ ಬೂಷ್ಟೇ ಕಾರಣವಲ್ಲ, ನಿಜ. ಆದರೆ ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೋಸ್ಪೋರಿಯಂ ಮುಂತಾದ ಶಿಲೀಂಧ್ರಗಳ ಕಣ್ಣಿಗೆ ಕಾಣದ ಬೀಜಕಣಗಳು ಉಸಿರಿನೊಡನೆ ಒಳಸೇರುತ್ತವೆ. ಮಕ್ಕಳ ಶ್ವಾಸನಾಳ ಕಿರಿದು. ದೇಹದ ತೂಕಕ್ಕೆ ಹೋಲಿಸಿದರೆ ಅವರು ಸೇದುವ ಗಾಳಿ ದೊಡ್ಡವರಿಗಿಂತ ಹೆಚ್ಚು. ಮನೆಯೊಳಗಿನ ತೇವ ಮತ್ತು ಬೂಷ್ಟಿಗೂ ಉಬ್ಬಸ, ಕೆಮ್ಮು, ಶ್ವಾಸಕೋಶದ ಸೋಂಕುಗಳಿಗೂ ಇರುವ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ಮಾರ್ಗಸೂಚಿಯಾಗಿ ಪ್ರಕಟಿಸಿದೆ.

ಹಳೆಯ ಮನೆಗಳಲ್ಲಿ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಬಚ್ಚಲೊಲೆಯ ಬಿಸಿ ಬಟ್ಟೆಯನ್ನೂ ಗೋಡೆಯನ್ನೂ ಒಣಗಿಸುತ್ತಿತ್ತು. ಕ್ಷಾರಗುಣದ ಸುಣ್ಣದಲ್ಲಿ ಶಿಲೀಂಧ್ರ ಸುಲಭವಾಗಿ ಬೇರೂರುತ್ತಿರಲಿಲ್ಲ. ಹಾಗೆಂದು ಹಳೆಯದನ್ನು ಹೊಗಳಿ ಕೂರುವಂತಿಲ್ಲ. ಒಲೆಯ ಹೊಗೆಯೂ ತಾಯಿ ಮಕ್ಕಳ ಎದೆಯನ್ನೇ ಸುಡುತ್ತಿತ್ತು. ಹೊಗೆ ಹೋದದ್ದು ಒಳ್ಳೆಯದೇ. ಅದರೊಡನೆ ಬಿಸಿಯೂ ಗಾಳಿಯೂ ಹೋದವು. ಸೂರು ಚಾಚದ ತಾರಸಿ ಮನೆಯ ಗೋಡೆಗೆ ಎರಚಲು ನೇರವಾಗಿ ಬಡಿಯುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒದ್ದೆಬಟ್ಟೆ ಹರವಿದರೆ ಅದರ ನೀರೆಲ್ಲ ಸೇರುವುದು ಅದೇ ಗೋಡೆಗೆ.

ಇದನ್ನು ಮನೆಯೊಡತಿಯ ಅಚ್ಚುಕಟ್ಟುತನದ ಪ್ರಶ್ನೆಯಾಗಿಸುವುದು ಸುಲಭ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿಯೂ ಹಾಗೆಯೇ ಆಯಿತು. ಬಾಡಿಗೆ ಮನೆಯ ಬೂಷ್ಟಿನ ಬಗ್ಗೆ ತಂದೆತಾಯಿ ದೂರಿದಾಗ ಬಣ್ಣ ಬಳಿಯುವಂತೆ ಹೇಳಿ, ತಪ್ಪನ್ನು ಅವರ ಜೀವನಕ್ರಮದ ಮೇಲೆ ಹೊರಿಸಲಾಯಿತು. 2020ರ ಡಿಸೆಂಬರಿನಲ್ಲಿ ಅವರ ಎರಡು ವರ್ಷದ ಮಗು ಅವಾಬ್ ಇಶಾಕ್ ತೀರಿಕೊಂಡಿತು. ಬೂಷ್ಟಿನ ನಡುವಿನ ದೀರ್ಘಕಾಲದ ವಾಸದಿಂದಾದ ಶ್ವಾಸಕೋಶದ ತೊಂದರೆಯೇ ಕಾರಣವೆಂದು 2022ರ ನವೆಂಬರಿನಲ್ಲಿ ವಿಚಾರಣೆ ತೀರ್ಮಾನಿಸಿತು. ಮಗುವಿನ ಹೆಸರಿನಲ್ಲಿ ಬಂದ ಕಾನೂನಿನಂತೆ 2025ರ ಅಕ್ಟೋಬರಿನಿಂದ ಅಲ್ಲಿನ ಸಾರ್ವಜನಿಕ ವಸತಿಗಳ ಒಡೆತನದ ಸಂಸ್ಥೆಗಳು ನಿಗದಿತ ಅವಧಿಯೊಳಗೆ ಬೂಷ್ಟನ್ನು ಸರಿಪಡಿಸಲೇಬೇಕು.

ಮನೆಯಲ್ಲಿ ಮಾಡಬಹುದಾದುದು ಕೆಲವಿದೆ. ಸೋರಿಕೆ ನಿಲ್ಲಿಸದೆ ಬಣ್ಣ ಬಳಿಯಬಾರದು. ಒಣಗಿದ ಬೂಷ್ಟನ್ನು ಪೊರಕೆಯಿಂದ ಕೆರೆದರೆ ಬೀಜಕಣಗಳು ಕೋಣೆಯೆಲ್ಲ ಹಾರುತ್ತವೆ. ಮಕ್ಕಳನ್ನು ಹೊರಗಿರಿಸಿ, ಮೂಗಿಗೆ ಬಟ್ಟೆ ಕಟ್ಟಿ, ಸೋಪುನೀರಿನ ಬಟ್ಟೆಯಿಂದ ಒರೆಸಬೇಕು. ಕಪಾಟಿಗೂ ಗೋಡೆಗೂ ಗೇಣು ಅಂತರವಿರಲಿ. (ತೋಟಕ್ಕೆ ತಂದ ಬೋರ್ಡೋ ಮಿಶ್ರಣ ಮಲಗುವ ಕೋಣೆಗಲ್ಲ.)

ಆದರೆ ಅಂಗನವಾಡಿ, ವಿದ್ಯಾರ್ಥಿನಿಲಯ, ಸರ್ಕಾರಿ ಯೋಜನೆಯ ಮನೆಗಳಲ್ಲಿ ಮಲಗುವ ಮಕ್ಕಳಿಗೆ ಈ ಆಯ್ಕೆಯಿಲ್ಲ. ಮಲೆನಾಡಿನ ಕಟ್ಟಡಕ್ಕೆ ಚಾಚಿದ ಸೂರು, ಎದುರುಬದುರು ಕಿಟಕಿ, ಬಟ್ಟೆ ಒಣಗಿಸಲು ಪ್ರತ್ಯೇಕ ಜಾಗ ಇರಲೇಬೇಕೆಂದು ಗ್ರಾಮಸಭೆಗಳು ನಿರ್ಣಯಿಸಬೇಕು. ಇರುವ ಕಟ್ಟಡಗಳ ಗೋಡೆಗಳನ್ನು ಪಂಚಾಯಿತಿ ಸದಸ್ಯರು ಆಶ್ಲೇಷ ಮಳೆಯಲ್ಲಿಯೇ ಹೋಗಿ ನೋಡಬೇಕು. ಮಾರ್ಚ್ ತಿಂಗಳಲ್ಲಿ ನೋಡಿದರೆ ಗೋಡೆ ಒಣಗಿರುತ್ತದೆ, ವರದಿಯೂ ಚೆನ್ನಾಗಿಯೇ ಇರುತ್ತದೆ.