ಹಿಮ ಬಿದ್ದ ದಿನದ ರಜೆ

ಆಷಾಢದ ಮಳೆ ಹಿಡಿದುಕೊಂಡಿತೆಂದರೆ ನಮ್ಮ ಮಲೆನಾಡು ಕರಾವಳಿಗಳ ಹುಡುಗರು ಜಿಲ್ಲಾಧಿಕಾರಿಗಳ ಅಪ್ಪಣೆಗಾಗಿ ಕಿವಿ ನಿಮಿರಿಸಿ ಕಾಯುವುದನ್ನು ವಾಚಕರು ಬಲ್ಲರು. ಅಮೆರಿಕದ ಬಾಸ್ಟನ್ ನಗರದ ಹುಡುಗರಿಗೆ ಮಳೆಯ ಸ್ಥಾನದಲ್ಲಿ ಹಿಮ. 2014-15ರ ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮವನ್ನು ಅಳೆದು ಕೂಡಿದರೆ 110.6 ಅಂಗುಲವಾಯಿತು; ಆ ಊರಿನ ದಾಖಲೆಗಳಲ್ಲಿ ಅಷ್ಟು ಹಿಂದೆಂದೂ ಇರಲಿಲ್ಲ. 2015ರ ಫೆಬ್ರವರಿ 10ರಂದು ನಗರಸಾರಿಗೆಯ ರೈಲುಗಳೆಲ್ಲ ದಿನವಿಡೀ ನಿಂತುವು. ಶಾಲೆಗಳಿಗೆ ರಜೆಯ ಮೇಲೆ ರಜೆ.

ಈ ರಜೆಯೇನೂ ಧರ್ಮಕ್ಕೆ ಸಿಕ್ಕುವುದಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ನಿಯಮದಂತೆ ವರ್ಷಕ್ಕೆ 180 ದಿನ ಶಾಲೆ ನಡೆಯಲೇಬೇಕು. ಚಳಿಯಲ್ಲಿ ಕಳೆದ ದಿನವನ್ನು ಜೂನ್ ತಿಂಗಳ ಬಿಸಿಲಿನಲ್ಲಿ ತೀರಿಸಬೇಕಾಗುತ್ತದೆ.

ಹೀಗೆ ಶಾಲೆ ಮುಚ್ಚಿದರೆ ವಿದ್ಯೆ ಹಾಳಾಗುವುದಿಲ್ಲವೇ? ಜೋಶುವಾ ಗುಡ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಈ ರಾಜ್ಯದ ಶಾಲೆಗಳ ಲೆಕ್ಕವನ್ನೇ ತೆಗೆದು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ನಿರ್ಣಯ ಕುತೂಹಲಕರವಾಗಿದೆ. ಶಾಲೆಗೆ ಶಾಲೆಯೇ ಮುಚ್ಚಿದ ದಿನಗಳಿಂದ ಮಕ್ಕಳ ಅಂಕಗಳು ಕುಗ್ಗಲಿಲ್ಲ. ಶಾಲೆ ತೆರೆದಿದ್ದು ಮಕ್ಕಳು ತಪ್ಪಿಸಿಕೊಂಡ ದಿನಗಳಿಂದ ಕುಗ್ಗಿದವು. ಯೋಚಿಸಿದರೆ ಇದು ಸಹಜವೇ. ಎಲ್ಲರೂ ಮನೆಯಲ್ಲಿದ್ದರೆ ಉಪಾಧ್ಯಾಯರು ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಯುತ್ತಾರೆ. ಅರ್ಧ ತರಗತಿ ಬಂದು ಅರ್ಧ ಬಾರದಿದ್ದರೆ, ಪಾಪ, ಅವರು ಯಾರನ್ನು ಕಾಯಬೇಕು, ಯಾರಿಗೆ ಎರಡನೆಯ ಬಾರಿ ಹೇಳಬೇಕು?

ಹಾಗಾದರೆ ಮುಚ್ಚುವುದೇ ಲೇಸೆಂದು ತೋರಬಹುದು. ಪಾಠದ ಮಟ್ಟಿಗೆ ಅದು ಸರಿ. ಆದರೆ ಶಾಲೆ ಪಾಠವನ್ನಷ್ಟೇ ಕೊಡುವುದಿಲ್ಲವಲ್ಲ! ಬಾಸ್ಟನ್ನಿನ ಸಾರ್ವಜನಿಕ ಶಾಲೆಗಳಲ್ಲಿ 2013ರಿಂದ ಎಲ್ಲ ಮಕ್ಕಳಿಗೂ ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ ಉಚಿತ. ಬಾಗಿಲು ಮುಚ್ಚಿದ ದಿನ ಆ ಎರಡು ಹೊತ್ತಿನ ಚಿಂತೆ ತಾಯಿಯ ಪಾಲಿಗೆ ಬರುತ್ತದೆ. ಅವಳು ಮಗುವಿನೊಡನೆ ಮನೆಯಲ್ಲಿ ಉಳಿದರೋ, ಸಂಬಳಕ್ಕೆ ಸಂಚಕಾರ. ಅಮೆರಿಕದ ಕೂಲಿ ಕಾನೂನಿನ ಪ್ರಕಾರ ಗಂಟೆಯ ಲೆಕ್ಕದಲ್ಲಿ ದುಡಿಯುವವರಿಗೆ ದುಡಿಯದ ಗಂಟೆಗೆ ಯಜಮಾನ ಹಣ ಕೊಡಬೇಕಾಗಿಲ್ಲ. ಗೊತ್ತಾದ ಸಂಬಳದ ಮೇಲ್ದರ್ಜೆಯ ನೌಕರರಿಗೆ, ಒಂದೆರಡು ದಿನ ಕಚೇರಿಯೇ ಮುಚ್ಚಿದರೆ, ಸಂಬಳ ಕಡಿಯುವಂತಿಲ್ಲ. ಅದೇ ಹಿಮ, ಅದೇ ಬೀದಿ. ಒಬ್ಬನಿಗೆ ವಿಶ್ರಾಂತಿ, ಇನ್ನೊಬ್ಬಳಿಗೆ ನಷ್ಟ. 2015ರ ಜುಲೈಯಿಂದ ಆ ರಾಜ್ಯದಲ್ಲಿ ದುಡಿದು ಗಳಿಸುವ ಕಾಯಿಲೆಯ ರಜೆ ಕಾನೂನಾಗಿದೆಯೆಂಬುದೇನೋ ನಿಜ. ಮಗುವಿಗೆ ಜ್ವರ ಬಂದರೆ ಅದು ಸಲ್ಲುತ್ತದೆ. ಶಾಲೆಗೆ ಹಿಮದ ರಜೆ ಬಂದರೆ ಸಲ್ಲದು.

ದಾದಿಯರ ಮತ್ತು ರಸ್ತೆಯ ಹಿಮ ಬಾಚುವವರ ಕಷ್ಟ ಇನ್ನೂ ವಿಚಿತ್ರ. ಉಳಿದವರು ಮನೆಯಲ್ಲಿರುವ ದಿನವೇ ಅವರು ತಪ್ಪದೆ ಹೊರಡಬೇಕು; ಅವರ ಮಕ್ಕಳಿಗೆ ಆ ದಿನವೇ ರಜೆ!

ಮನೆಯಲ್ಲಿದ್ದೇ ಯಂತ್ರದ ಮೂಲಕ ಪಾಠ ಎಂಬ ಉಪಾಯವನ್ನು ನ್ಯೂಯಾರ್ಕ್ ನಗರ 2024ರ ಫೆಬ್ರವರಿ 13ರಂದು ಪ್ರಯೋಗಿಸಿತು. ಬೆಳಗಾಗುತ್ತಲೇ ಒಳಹೊಗಲಾರದೆ ಅನೇಕ ಮಕ್ಕಳೂ ಉಪಾಧ್ಯಾಯರೂ ಬಾಗಿಲಲ್ಲೇ ನಿಂತರು. ಯಂತ್ರ ಸುಸೂತ್ರವಾಗಿ ನಡೆದರೂ ಆರು ವರ್ಷದ ಮಗುವನ್ನು ಅದರ ಮುಂದೆ ಕೂಡಿಸಲು ದೊಡ್ಡವರೊಬ್ಬರು ಮನೆಯಲ್ಲಿ ಇರಬೇಕಷ್ಟೆ.

ನಮ್ಮ ಕನ್ನಡದ ಸಂಸಾರಗಳೂ ಬಾಸ್ಟನ್ ಸೀಮೆಯಲ್ಲಿ ಸಾಕಷ್ಟಿವೆ. ಎಷ್ಟೋ ಮನೆಗಳಲ್ಲಿ ಅಜ್ಜಿ ಇಲ್ಲಿ, ಮೊಮ್ಮಗು ಅಲ್ಲಿ. ರಜೆಯನ್ನು ಹಿಂದಿನ ಸಂಜೆಯೇ ಸಾರಿದರೆ ನೆರೆಮನೆಯವರನ್ನು ಕೇಳಿಕೊಳ್ಳಲು ಒಂದು ರಾತ್ರಿಯಾದರೂ ದೊರೆಯುತ್ತದೆ. ನಸುಕಿನಲ್ಲಿ ಸಾರಿದರೆ ಗಂಡಹೆಂಡಿರು ಕಾಫಿ ಆರುವ ಮುನ್ನವೇ ಇಬ್ಬರಲ್ಲಿ ಯಾರು ಉಳಿಯಬೇಕೆಂದು ತೀರ್ಮಾನಿಸಬೇಕು.