ಗ್ರಂಥಾಲಯವನ್ನೇ ತೋಟಾ ಮಾಡಿದ ಊರು

ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳಬೇಕೆಂಬುದನ್ನು ಕನ್ನಡದ ಮನೆಗಳಲ್ಲಿ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿಯುತ್ತಾರೆ. ಅಂಥ ಮನೆಯಲ್ಲಿ ಬೆಳೆದವರು ಗ್ರೀಸ್ ದೇಶದ ದಿಮಿತ್ಸಾನ ಎಂಬ ಬೆಟ್ಟದೂರಿನ ಕಥೆ ಕೇಳಿದರೆ ಒಂದು ಕ್ಷಣ ತಬ್ಬಿಬ್ಬಾದಾರು. ಸುಮಾರು ಇನ್ನೂರು ವರ್ಷಗಳ ಹಿಂದೆ ಆ ಊರಿನವರು ತಮ್ಮ ಶಾಲೆಯ ಗ್ರಂಥಾಲಯದ ಪುಸ್ತಕಗಳ ಹಾಳೆ ಕಿತ್ತರು, ಸುರುಳಿ ಸುತ್ತಿದರು, ಅದರೊಳಗೆ ಸಿಡಿಮದ್ದು ತುಂಬಿ ಬಂದೂಕಿನ ತೋಟಾ ಮಾಡಿದರು. ಅವರು ಅಕ್ಷರದ ಬೆಲೆ ಅರಿಯದ ಜನರೇ? ಖಂಡಿತ ಅಲ್ಲ. ಸುತ್ತಲಿನ ಸೀಮೆಯಲ್ಲೆಲ್ಲ ಹೆಸರಾಗಿದ್ದ ಶಾಲೆಯನ್ನು ಕಟ್ಟಿ ಬೆಳೆಸಿದವರು ಅವರೇ!

ಈ ಕಥೆಯನ್ನು ಇಂದು ಓದಿ ಮಾತ್ರವಲ್ಲ, ನಡೆದೂ ತಿಳಿಯಬಹುದು. ದಿಮಿತ್ಸಾನದ ಸುತ್ತ ಕಮರಿಗಳನ್ನು ಇಳಿದು, ಕಾಡುಗಳನ್ನು ದಾಟಿ ಹಳ್ಳಿಯಿಂದ ಹಳ್ಳಿಗೆ ಸಾಗುವ ಕಾಲುದಾರಿಗಳಿವೆ. ಹೇಸರಗತ್ತೆಗಳು, ಕುರಿಮಂದೆಗಳು, ಸನ್ಯಾಸಿಗಳು ಶತಮಾನಗಳ ಕಾಲ ತುಳಿದ ಹಾದಿಗಳವು. ಈಗ ದೇಶದೇಶಗಳ ಚಾರಣಿಗರು ಬೆನ್ನಿಗೆ ಚೀಲ ಹಾಕಿಕೊಂಡು ಅಲ್ಲಿ ನಡೆಯುತ್ತಾರೆ.

ಪಾನ್ ದೇವತೆಯ ಸೀಮೆ

ಭೂಪಟದಲ್ಲಿ ಗ್ರೀಸ್ ದೇಶದ ದಕ್ಷಿಣ ತುದಿಯನ್ನು ನೋಡಿ. ಅಂಗೈ ಚಾಚಿದಂತೆ ಮೆಡಿಟರೇನಿಯನ್ ಸಮುದ್ರಕ್ಕೆ ಬೆರಳು ನೀಡಿದ ಪರ್ಯಾಯ ದ್ವೀಪವೇ ಪೆಲೊಪೊನೀಸ್. ಅದರ ನಡುಮಧ್ಯೆ ಇರುವ ಬೆಟ್ಟಗಳ ಸೀಮೆ ಆರ್ಕೇಡಿಯ. ಯುರೋಪಿನ ಕವಿಗಳು ಈ ಹೆಸರನ್ನು ಹಸಿರು ಹುಲ್ಲುಗಾವಲಿನ, ಕೊಳಲೂದುವ ಕುರುಬರ, ಚಿಂತೆಯಿಲ್ಲದ ಸ್ವರ್ಗಕ್ಕೆ ಇಟ್ಟುಬಿಟ್ಟರು. ನಿಜವಾದ ಆರ್ಕೇಡಿಯ ಅಷ್ಟು ಮೆತ್ತಗಿಲ್ಲ. ಸುಣ್ಣಕಲ್ಲಿನ ಗುಡ್ಡ, ಚಳಿಗಾಲದಲ್ಲಿ ಹಿಮ, ಕಡಿದಾದ ಕಮರಿ, ಕಲ್ಲು ಹೆಕ್ಕಿ ಮಾಡಿಕೊಂಡ ಚಿಕ್ಕ ಚಿಕ್ಕ ಹೊಲ. ಇಲ್ಲಿನ ಮೆನಾಲೊ ಪರ್ವತದ ಶಿಖರ 1,981 ಮೀಟರ್ ಎತ್ತರವಿದೆ.

ಆಡಿನ ಕಾಲು, ಆಡಿನ ಕೊಂಬುಗಳುಳ್ಳ ಪಾನ್ ದೇವತೆಗೆ ಈ ಪರ್ವತ ಮೀಸಲು ಎಂದು ಪ್ರಾಚೀನ ಗ್ರೀಕರು ನಂಬಿದ್ದರು. ನಿರ್ಜನ ಕಾಡಿನಲ್ಲಿ ಕಾರಣವಿಲ್ಲದೆ ಎದೆ ನಡುಗಿದರೆ ಅದು ಪಾನ್ ಹುಟ್ಟಿಸಿದ ಭಯ! ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆ ಕಂಡು ಗಾಬರಿಯಾಗುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಪ್ಯಾನಿಕ್’ ಎಂಬ ಪದ ಬಂದದ್ದು ಈ ದೇವರ ಹೆಸರಿನಿಂದಲೇ.

ಕಮರಿಯ ಹಾದಿ

ಈ ಸೀಮೆಯ ಹಳೆಯ ದಾರಿಗಳನ್ನು ಜೋಡಿಸಿ ಮಾಡಿದ ‘ಮೆನಾಲೊ ಚಾರಣಪಥ’ ಸುಮಾರು 75 ಕಿಲೋಮೀಟರ್ ಉದ್ದವಿದೆ. ಸ್ತೆಮ್ನಿತ್ಸ ಎಂಬ ಹಳ್ಳಿಯಲ್ಲಿ ಹೊರಟು ದಿಮಿತ್ಸಾನ, ವಿತಿನ ಮುಂತಾದ ಊರುಗಳನ್ನು ಹಾದು ಲಂಗಾದಿಯದಲ್ಲಿ ಮುಗಿಯುತ್ತದೆ. ಒಟ್ಟು ಒಂಬತ್ತು ಹಳ್ಳಿಗಳು, ಎಂಟು ಹಂತಗಳು. ಅತಿ ಚಿಕ್ಕ ಹಂತ ದಿಮಿತ್ಸಾನದಿಂದ ಜಿಗೊವಿಸ್ತಿಗೆ, ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅತಿ ದೊಡ್ಡದು ಅಲ್ಲಿಂದ ಎಲಾತಿಗೆ, ಹತ್ತಿರ ಹತ್ತಿರ ಹದಿನೈದು ಕಿಲೋಮೀಟರ್.

ಎಲ್ಲಕ್ಕಿಂತ ಹೆಸರಾದದ್ದು ಮೊದಲ ಹಂತ. ಸ್ತೆಮ್ನಿತ್ಸದಿಂದ ದಿಮಿತ್ಸಾನಕ್ಕೆ 12.5 ಕಿಲೋಮೀಟರ್. ಸಾವಿರ ಮೀಟರಿಗೂ ಎತ್ತರದಲ್ಲಿರುವ ಸ್ತೆಮ್ನಿತ್ಸ ಬೆಳ್ಳಿ ಬಂಗಾರದ ಕುಸುರಿ ಕೆಲಸಕ್ಕೆ ಹೆಸರಾದ ಊರು. ಅಲ್ಲಿಂದ ದಾರಿ ಲೂಸಿಯೋಸ್ ನದಿಯ ಕಮರಿಗೆ ಇಳಿಯುತ್ತದೆ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಸ್ನಾನದ ನಂಟಿದೆ. ಆಗತಾನೆ ಹುಟ್ಟಿದ ದೇವರಾಜ ಜೀಯಸ್‌ನಿಗೆ ಅಪ್ಸರೆಯರು ಎರೆದದ್ದು ಈ ನೀರಿನಲ್ಲಿ ಎಂಬುದು ಪುರಾಣ. ಎರಡನೆಯ ಶತಮಾನದಲ್ಲಿ ಗ್ರೀಸನ್ನೆಲ್ಲ ಸುತ್ತಿ ಬರೆದಿಟ್ಟ ಪೌಸಾನಿಯಸ್ ಎಂಬ ಪ್ರವಾಸಿ ಈ ನದಿಯ ನೀರಿನ ತಣ್ಪಿಗೆ ಬೆರಗಾಗಿದ್ದ. ಕೆಳಗಣ ದಡದಲ್ಲಿ ಪ್ರಾಚೀನ ಗೊರ್ತಿಸ್ ಪಟ್ಟಣದ ಅವಶೇಷಗಳಿವೆ. ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಗುಡಿ, ರೋಗಿಗಳಿಗೆಂದು ಕಟ್ಟಿದ ಸ್ನಾನದ ಮನೆಯ ಅಡಿಪಾಯ ಈಗಲೂ ಕಾಣುತ್ತವೆ.

ಕಮರಿಯ ಗೋಡೆಗೆ ಜೇನುಗೂಡಿನಂತೆ ಅಂಟಿಕೊಂಡಿರುವುದು ಪ್ರೊದ್ರೊಮೊಸ್ ಮಠ. ಬಂಡೆಯ ಚಾಚಿಗೇ ಕೋಣೆಗಳನ್ನು ಕಟ್ಟಿ ಮರದ ಮೊಗಸಾಲೆಗಳನ್ನು ಹೊರಕ್ಕೆ ಇಳಿಬಿಟ್ಟಿದ್ದಾರೆ. ಕೆಳಗೆ ನೋಡಿದರೆ ತಲೆ ತಿರುಗುತ್ತದೆ! ನದಿ ದಾಟಿ ಆಚೆ ಏರಿದರೆ ಫಿಲೊಸೊಫೂ ಮಠ, ಎಂದರೆ ‘ತತ್ತ್ವಜ್ಞಾನಿಯ ಮಠ’. ಹಳೆಯ ಮಠ ಸ್ಥಾಪನೆಯಾದದ್ದು 963ರಲ್ಲಿ. ಇಂದು ಅದು ಬಂಡೆಯ ಬಣ್ಣಕ್ಕೇ ತಿರುಗಿದ ಪಾಳುಗೋಡೆ. ದೂರದಿಂದ ಗೋಡೆ ಯಾವುದು, ಬೆಟ್ಟ ಯಾವುದು ಎಂದು ತಿಳಿಯುವುದಿಲ್ಲ. ಹತ್ತಿರದಲ್ಲೇ ಹದಿನೇಳನೆಯ ಶತಮಾನದ ಹೊಸ ಮಠವಿದೆ.

ಗುಟ್ಟಿನ ಶಾಲೆ ಇತ್ತೇ?

ಈ ಹಳೆಯ ಮಠಕ್ಕೆ ಒಂದು ಕಥೆ ಅಂಟಿಕೊಂಡಿದೆ. ಗ್ರೀಸ್ ಆಟೊಮನ್ ತುರ್ಕರ ಆಳ್ವಿಕೆಯಲ್ಲಿದ್ದಾಗ ಗ್ರೀಕ್ ಭಾಷೆ ಕಲಿಸುವುದಕ್ಕೆ ಅಪ್ಪಣೆ ಇರಲಿಲ್ಲವಂತೆ. ಮಕ್ಕಳು ರಾತ್ರಿ ಬೆಳದಿಂಗಳಲ್ಲಿ ಮಠಕ್ಕೆ ಬಂದು ಸನ್ಯಾಸಿಗಳಿಂದ ಗುಟ್ಟಾಗಿ ಅಕ್ಷರ ಕಲಿಯುತ್ತಿದ್ದರಂತೆ. ಗ್ರೀಸಿನ ಮಕ್ಕಳೆಲ್ಲ ಕೇಳಿ ಬೆಳೆದ ಕಥೆ ಇದು. ಹತ್ತೊಂಬತ್ತನೆಯ ಶತಮಾನದ ಚಿತ್ರಕಾರ ನಿಕೊಲಾವೊಸ್ ಗೀಜಿಸ್ ಬಿಡಿಸಿದ ‘ಗುಟ್ಟಿನ ಶಾಲೆ’ ಚಿತ್ರ ಇದನ್ನು ಮನೆಮನೆಗೆ ಮುಟ್ಟಿಸಿತು.

ಆದರೆ ಇತಿಹಾಸಕಾರರು ತಲೆಯಾಡಿಸುತ್ತಾರೆ. ಅಂಥ ನಿಷೇಧವಿತ್ತೆಂಬುದಕ್ಕೆ ದಾಖಲೆಗಳ ಆಧಾರ ಸಿಕ್ಕಿಲ್ಲ ಎನ್ನುತ್ತಾರೆ. ಇದಕ್ಕೆ ಸಾಕ್ಷಿ ದೂರದಲ್ಲೇನೂ ಇಲ್ಲ, ಅದೇ ಕಾಲುದಾರಿಯ ಕೊನೆಯಲ್ಲಿದೆ! ದಿಮಿತ್ಸಾನದಲ್ಲಿ 1764ರಲ್ಲಿ ಇಬ್ಬರು ಸನ್ಯಾಸಿಗಳು ಒಂದು ಶಾಲೆ ತೆರೆದರು. ಗುಟ್ಟಾಗಿ ಅಲ್ಲ, ಹಾಡಹಗಲೇ, ತುರ್ಕರ ಆಳ್ವಿಕೆ ನಡೆಯುತ್ತಿದ್ದಾಗಲೇ. ಅದರ ಜೊತೆಗೆ ಬೆಳೆದದ್ದೇ ಆ ಗ್ರಂಥಾಲಯ. ಈ ಊರಿನಿಂದ ದೊಡ್ಡ ದೊಡ್ಡ ಧರ್ಮಗುರುಗಳು ಹೊರಬಂದರು. 1821ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸುಲ್ತಾನನ ಆಡಳಿತ ಗಲ್ಲಿಗೇರಿಸಿದ ಮಹಾಧರ್ಮಾಧ್ಯಕ್ಷ ಐದನೆಯ ಗ್ರೆಗೊರಿ ಹುಟ್ಟಿದ್ದು ಇಲ್ಲಿಯೇ.

ಇಷ್ಟವಾದ ಕಥೆ ಒಂದು ಕಡೆ, ಕಣ್ಣೆದುರಿನ ಆಧಾರ ಇನ್ನೊಂದು ಕಡೆ. ಇತಿಹಾಸ ಓದುವ ವಿದ್ಯಾರ್ಥಿಗೆ ಈ ಹನ್ನೆರಡು ಕಿಲೋಮೀಟರಿನ ದಾರಿ ಒಂದು ಒಳ್ಳೆಯ ಪಾಠ. ಕಥೆಯನ್ನು ಬಿಸಾಡಬೇಕಾಗಿಲ್ಲ, ಓದಿಗಾಗಿ ಜನ ಎಷ್ಟು ಹಂಬಲಿಸಿದ್ದರೆಂಬುದನ್ನು ಅದು ಹೇಳುತ್ತದೆ. ನಡೆದದ್ದೇನೆಂದು ತಿಳಿಯಬೇಕಾದರೆ ಮಾತ್ರ ದಾಖಲೆಯನ್ನೇ ಕೇಳಬೇಕು.

ನೀರಿನ ಒನಕೆ

ದಿಮಿತ್ಸಾನಕ್ಕೆ ಇನ್ನೊಂದು ಕಸುಬಿತ್ತು. ಬೆಟ್ಟದ ಬುಗ್ಗೆಗಳಿಂದ ಧುಮುಕುವ ನೀರು ಅಲ್ಲಿ ಚಕ್ರ ತಿರುಗಿಸುತ್ತಿತ್ತು. ಹಿಟ್ಟು ಬೀಸುವುದು, ಉಣ್ಣೆ ಬಟ್ಟೆ ಹದ ಮಾಡುವುದು, ಇವುಗಳ ಜೊತೆಗೆ ಸಿಡಿಮದ್ದು ಕುಟ್ಟುವ ಕೆಲಸವನ್ನೂ ನೀರೇ ಮಾಡುತ್ತಿತ್ತು. ರಸಾಯನಶಾಸ್ತ್ರ ಓದುವವರಿಗೆ ಗೊತ್ತು: ಕಪ್ಪು ಸಿಡಿಮದ್ದೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಇದ್ದಿಲು, ಗಂಧಕಗಳು ಉರಿಯುವ ವಸ್ತುಗಳು. ಅವು ಕ್ಷಣಾರ್ಧದಲ್ಲಿ ಉರಿಯಲು ಬೇಕಾದ ಆಮ್ಲಜನಕ ಒದಗಿಸುವುದು ಪೆಟ್ಲುಪ್ಪು. ಮೂರನ್ನೂ ನುಣ್ಣಗೆ ಕುಟ್ಟಿ ಬೆರೆಸಿದಷ್ಟೂ ಮದ್ದಿನ ಬಲ ಹೆಚ್ಚು. ಒಂದು ಕಿಡಿ ಹಾರಿದರೆ ಗಿರಣಿಯೂ ಇಲ್ಲ, ಗಿರಣಿಯವನೂ ಇಲ್ಲ!

1821ರಲ್ಲಿ ಗ್ರೀಕರು ಬಂಡೆದ್ದಾಗ ಮದ್ದಿಗಾಗಿ ಎಲ್ಲರ ಕಣ್ಣು ಬಿದ್ದದ್ದು ಈ ಊರಿನ ಮೇಲೆ. ಸ್ಪಿಲಿಯೊತೊಪೌಲೊಸ್ ಸಹೋದರರು ಮುಂದೆ ನಿಂತು ಗಿರಣಿಗಳನ್ನು ಹಗಲಿರುಳು ನಡೆಸಿದರು. ಮದ್ದು ಸಿದ್ಧವಾಯಿತು, ಸೀಸದ ಗುಂಡೂ ಸಿಕ್ಕಿತು. ಇಲ್ಲದ್ದು ಕಾಗದ! ಆ ಕಾಲದ ಬಂದೂಕಿಗೆ ಮದ್ದನ್ನೂ ಗುಂಡನ್ನೂ ಕಾಗದದ ಸುರುಳಿಯಲ್ಲಿ ಕಟ್ಟಿಕೊಡಬೇಕಾಗಿತ್ತು. ಆ ಬೆಟ್ಟಗಳಲ್ಲಿ ರಾಶಿ ಕಾಗದ ಇದ್ದ ಜಾಗವಾದರೂ ಯಾವುದು? ಶಾಲೆಯ ಗ್ರಂಥಾಲಯ. ಹೀಗೆ ಪುಸ್ತಕಗಳು ತೋಟಾಗಳಾದವು.

ಆ ಹಾಳೆ ಕಿತ್ತವರಲ್ಲಿ ಅದೇ ಶಾಲೆಯಲ್ಲಿ ಓದಿದವರೂ ಇದ್ದಿರಬಹುದು. ಅವರು ಮಾಡಿದ್ದು ಸರಿಯೇ, ತಪ್ಪೇ? ಉತ್ತರ ಸುಲಭವಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಹತ್ತಿರದ ಟ್ರಿಪೊಲಿತ್ಸಾ ನಗರ ಬಂಡಾಯಗಾರರ ವಶವಾಯಿತು. ಅದು ಸ್ವಾತಂತ್ರ್ಯದ ಹಾದಿಯಲ್ಲಿ ದೊಡ್ಡ ಗೆಲುವು. ಅದೇ ಗೆಲುವಿನ ದಿನಗಳಲ್ಲಿ ನಗರದೊಳಗಿದ್ದ ಸಾವಿರಾರು ಮುಸ್ಲಿಮರನ್ನೂ ಯಹೂದಿಗಳನ್ನೂ, ಹೆಂಗಸರು ಮಕ್ಕಳೆನ್ನದೆ, ಕೊಲ್ಲಲಾಯಿತು. ಮದ್ದಿಗೆ ಕಣ್ಣಿಲ್ಲ. ಸ್ವಾತಂತ್ರ್ಯವನ್ನು ಮೆಚ್ಚುವವರು ಈ ಮಾತನ್ನೂ ಮರೆಯಬಾರದು.

ಬಾಗಿಲು ಮುಚ್ಚಿದ ಮನೆಗಳು

ಸ್ವತಂತ್ರ ಗ್ರೀಸ್ ಬೆಳೆಯಿತು. ಬೆಟ್ಟದ ಹಳ್ಳಿಗಳು ಸೊರಗಿದವು. ಕಲ್ಲು ಕೆಲಸಕ್ಕೆ ಹೆಸರಾದ ಲಂಗಾದಿಯದ ಗಾರೆಯವರು ಮೊದಲಿನಿಂದಲೂ ತಂಡ ಕಟ್ಟಿಕೊಂಡು ಊರೂರು ಅಲೆದು ಮನೆ ಕಟ್ಟಿಕೊಡುತ್ತಿದ್ದರು, ಮರಳಿ ಬರುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಹೋದವರು ಮರಳಲಿಲ್ಲ. ಅಮೆರಿಕ, ಅಥೆನ್ಸ್ ಎಂದು ಹೊರಟವರು ಅಲ್ಲೇ ನೆಲೆನಿಂತರು. ಹೊಲ ಪಾಳು ಬಿತ್ತು. ರಸ್ತೆ ಬಂದ ಮೇಲೆ ಕಾಲುದಾರಿಯನ್ನು ಮುಳ್ಳುಕಂಟಿ ಮುಚ್ಚಿತು.

ಅದನ್ನು ಮತ್ತೆ ತೆರೆದವರು ಊರಿನವರು ಮತ್ತು ಊರಿನ ಮೇಲೆ ಅಕ್ಕರೆಯುಳ್ಳ ಸ್ವಯಂಸೇವಕರು. ಕಂಟಿ ಕಡಿದರು, ಕುಸಿದ ಕಲ್ಲುಗಳನ್ನು ಕೂಡಿಸಿದರು, ತಿರುವು ತಿರುವಿಗೆ ಗುರುತು ಹಾಕಿದರು. ಯುರೋಪಿನ ಚಾರಣ ಸಂಘಗಳ ಒಕ್ಕೂಟ 2015ರಲ್ಲಿ ಈ ಪಥಕ್ಕೆ ಉತ್ತಮ ಗುಣಮಟ್ಟದ ಮಾನ್ಯತೆ ಕೊಟ್ಟಿತು. ಗ್ರೀಸಿನಲ್ಲಿ ಆ ಮಾನ್ಯತೆ ಪಡೆದ ಮೊದಲ ಪಥ ಇದು. ದಿಮಿತ್ಸಾನದ ಹೊರಗೆ 1997ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯದಲ್ಲಿ ಹಿಟ್ಟಿನ ಗಿರಣಿಯನ್ನೂ ಮದ್ದಿನ ಒನಕೆಗಳನ್ನೂ ಸರಿಪಡಿಸಿ ಇಟ್ಟಿದ್ದಾರೆ. ನೀರು ಬಿಟ್ಟರೆ ಒನಕೆ ಮೇಲೇಳುತ್ತದೆ, ಕೆಳಗೆ ಬೀಳುತ್ತದೆ.

ಮುಂದಿನ ಹಂತಗಳಲ್ಲಿ ದಾರಿ ಫರ್ ಮರಗಳ ನೆರಳಿಗೆ ಸೇರುತ್ತದೆ. ವಿತಿನದ ಕಡೆಯ ಜೇನು ಹೆಸರುವಾಸಿ. ವಿಶೇಷವೆಂದರೆ ಅದು ಹೂವಿನ ಮಕರಂದದ್ದಲ್ಲ! ಫರ್ ಮರದ ರಸ ಹೀರುವ ಪುಟ್ಟ ಕೀಟಗಳು ಹೊರಬಿಡುವ ಸಿಹಿದ್ರವವನ್ನು ಜೇನುನೊಣಗಳು ನೆಕ್ಕಿ ತಂದು ಜೇನು ಮಾಡುತ್ತವೆ. ಹೂವಿಲ್ಲದ ಕಾಡಿನಲ್ಲೂ ಜೇನಿದೆ ಎಂದು ಜೀವಶಾಸ್ತ್ರದ ಪುಸ್ತಕಕ್ಕೆ ಕಾಲು ಬಂದಂತೆ ತೋರಿಸಿಕೊಡುವ ಜಾಗ ಅದು.

ನಡೆಯಲು ಒಳ್ಳೆಯ ಕಾಲ ವಸಂತ ಮತ್ತು ಶರತ್ಕಾಲ. ಬೇಸಗೆಯ ನಡುಹಗಲು ಬಿಸಿಲು ಸುಡುತ್ತದೆ, ಚಳಿಗಾಲದಲ್ಲಿ ಮೇಲಿನ ಹಾದಿಯನ್ನು ಹಿಮ ಮುಚ್ಚೀತು. ಹಿಡಿತವುಳ್ಳ ಬೂಟು, ಸಾಕಷ್ಟು ನೀರು, ಟೋಪಿ ಬೇಕು. ಮಠಗಳೊಳಗೆ ಹೋಗುವವರು ಮೈತುಂಬ ಬಟ್ಟೆ ಉಟ್ಟಿರಬೇಕು.

ಎಲ್ಲ ಪುಸ್ತಕಗಳೂ ತೋಟಾಗಳಾಗಲಿಲ್ಲ. ಉಳಿದವು ಮತ್ತು ಆಮೇಲೆ ಕೂಡಿಸಿದವು ದಿಮಿತ್ಸಾನದ ಗ್ರಂಥಾಲಯದಲ್ಲಿ ಇಂದಿಗೂ ಇವೆ. ಕೆಲವೇ ನೂರು ಜನರ ಊರಿನಲ್ಲಿ ಅಂಥದೊಂದು ಗ್ರಂಥಾಲಯ! ಊರಿಗೆ ಅಪಾಯ ಬಂದಾಗ ಪುಸ್ತಕ ಕೊಟ್ಟವರು, ಅಪಾಯ ಕಳೆದ ಮೇಲೆ ಮತ್ತೆ ಪುಸ್ತಕ ಕೂಡಿಸಿದರು. ಮುಚ್ಚಿಹೋದ ದಾರಿಯನ್ನೂ ಹಾಗೆಯೇ ಮತ್ತೆ ತೆರೆದರು.